ಮಂಗಳೂರು ಪೊಲೀಸರ ಚರಿತ್ರೆ ಬರೆಸಿ: ನಗರ ಪೊಲೀಸ್ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೊಲೀಸ್ ಆಯುಕ್ತರಿಗೆ,

ನಮಸ್ಕಾರ ಸರ್.

ನಾನು ಸುರತ್ಕಲ್‌ನವಳು. ನನ್ನ ತಂದೆ ಪೊಲೀಸ್ ಇಲಾಖೆಗೆ ಕಾನ್‌ಸ್ಟೆಬಲ್ ಆಗಿ ಸೇರಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಒಂದು ಕೆಲಸ ಆಗಬೇಕಾಗಿದೆ. ಅದನ್ನು ಶುರು ಮಾಡಿಸುವ ಅಧಿಕಾರ ನಿಮಗೆ ಉಂಟು. ನಿವೃತ್ತ ಪೊಲೀಸರು, ಅವರ ಮನೆಯವರು, ಊರವರು ಸೇರದೆ ಅದು ಮುಗಿಯುವಂಥದ್ದಲ್ಲ. ಹಾಗಾಗಿ ಎಲ್ಲರ ಕಣ್ಣಿಗೂ ಬೀಳಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮಂಗಳೂರು ಪೊಲೀಸರ ಚರಿತ್ರೆ ಬರೆಸಿ. ಬಂದರು, ಪಾಂಡೇಶ್ವರ, ಕದ್ರಿ ಠಾಣೆಗಳದ್ದು ಮಾತ್ರ ಸಾಲದು. ಸುರತ್ಕಲ್, ಪಣಂಬೂರು, ಮೂಲ್ಕಿ, ಬಜ್ಪೆ, ಕಾವೂರು, ಉಳ್ಳಾಲ, ಕೊಣಾಜೆ, ಮೂಡುಬಿದಿರೆ ಠಾಣೆಗಳದ್ದೂ ಬರಬೇಕು. ನನ್ನನ್ನು ಕೇಳಿದರೆ ಈ ಹೊರವಲಯದ ಠಾಣೆಗಳಿಂದಲೇ ಶುರು ಮಾಡಿ ಎನ್ನುತ್ತೇನೆ.

ಯಾವ ಠಾಣೆಗೆ ಹೋದರೂ ಇನ್‌ಸ್ಪೆಕ್ಟರ ಕೋಣೆಯ ಗೋಡೆಯ ಮೇಲೆ ಒಂದು ಬೋರ್ಡ್ ಇರುತ್ತದೆ. ಅಲ್ಲಿ ಕೆಲಸ ಮಾಡಿದ ಅಧಿಕಾರಿಗಳ ಹೆಸರು, ಬಂದ ದಿನ, ಹೋದ ದಿನ. ಜನರ ಕಣ್ಣಿಗೆ ಕಾಣುವ ಚರಿತ್ರೆ ಅಷ್ಟೇ. ಒಬ್ಬ ಅಧಿಕಾರಿ ಒಂದೆರಡು ವರ್ಷ ಇರುತ್ತಾರೆ, ವರ್ಗ ಆಗುತ್ತದೆ, ಇನ್ನೊಬ್ಬರು ಬರುತ್ತಾರೆ. ಬಂದವರು ಊರನ್ನು ಮತ್ತೆ ಮೊದಲಿನಿಂದ ಕಲಿಯಬೇಕು. ಯಾವ ಓಣಿಯಲ್ಲಿ ಯಾವ ಹಳೇ ಜಗಳ ಉಂಟು, ಯಾವ ಜಾತ್ರೆಯ ದಿನ ಎಲ್ಲಿ ಜನ ಸೇರುತ್ತಾರೆ, ಯಾವ ಹಿರಿಯರು ಮಾತಾಡಿದರೆ ಎರಡೂ ಕಡೆಯವರು ಕೇಳುತ್ತಾರೆ, ಇವೆಲ್ಲ ಗೊತ್ತಿರುವುದು ಆ ಬೋರ್ಡಿನಲ್ಲಿ ಹೆಸರೇ ಇಲ್ಲದ ಕಾನ್‌ಸ್ಟೆಬಲ್‌ಗಳಿಗೆ, ದಫೇದಾರರಿಗೆ, ಠಾಣೆಯ ರೈಟರ್‌ಗಳಿಗೆ. ಅವರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಠಾಣೆಯಿಂದ ಹೊರಗೆ ಹೋಗುತ್ತದೆ.

ಈ ಚರಿತ್ರೆ ಸಣ್ಣದಲ್ಲ ಸರ್. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅಂದರೆ ನಮ್ಮ ಕರಾವಳಿ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1816ರ ಮದ್ರಾಸಿನ ಕಾನೂನು ಬಂದ ಮೇಲೆ ಪೊಲೀಸ್ ಕೆಲಸವೆಲ್ಲ ಕಲೆಕ್ಟರ್, ತಹಶೀಲ್ದಾರ್, ಊರಿನ ಪಟೇಲರ ಪಾಲಿಗೆ ಬಂತು. ಅಂದರೆ ತೀರ್ವೆ ವಸೂಲಿ ಮಾಡುವವನೇ ಕಳ್ಳನನ್ನೂ ಹಿಡಿಯುವವನು. ಅದರ ಪರಿಣಾಮ ಏನಾಗಬಹುದು ಎಂದು ಯಾರಾದರೂ ಊಹಿಸಬಹುದು. ತೀರ್ವೆ ಕಟ್ಟದವರಿಗೆ, ತಪ್ಪು ಒಪ್ಪಿಕೊಳ್ಳದವರಿಗೆ ಹಿಂಸೆ ಕೊಡುತ್ತಾರೆ ಎಂಬ ದೂರುಗಳು ಎಷ್ಟು ಬಂದವು ಎಂದರೆ, ಮದ್ರಾಸ್ ಸರ್ಕಾರ ಅದರ ತನಿಖೆಗೆಂದೇ ಒಂದು ಆಯೋಗ ಮಾಡಬೇಕಾಯಿತು. 1855ರಲ್ಲಿ ಅದರ ವರದಿ ಬಂತು. ಹಿಂಸೆ ನಡೆಯುತ್ತಿದೆ ಎಂದು ಅದು ಒಪ್ಪಿಕೊಂಡಿತು. ನಾಲ್ಕು ವರ್ಷದ ನಂತರ, 1859ರ 24ನೇ ಕಾಯ್ದೆಯ ಮೂಲಕ, ಮದ್ರಾಸ್ ಪ್ರಾಂತದಲ್ಲಿ ಪೊಲೀಸರನ್ನು ಕಂದಾಯದಿಂದ ಬೇರೆ ಮಾಡಿ ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟರನ್ನು ಇಟ್ಟರು. ಇಡೀ ದೇಶದ ಪೊಲೀಸ್ ಕಾಯ್ದೆ 1861ರಲ್ಲಿ ಬಂತು. ಅದಕ್ಕಿಂತ ಎರಡು ವರ್ಷ ಮೊದಲೇ ನಮ್ಮ ಕರಾವಳಿಯಲ್ಲಿ ಹೊಸ ಪೊಲೀಸ್ ಕಾನೂನು ಇತ್ತು.

ಇದನ್ನು ನಾನು ಒತ್ತಿ ಹೇಳಲು ಕಾರಣ ಉಂಟು. ನಮ್ಮ ಇಲಾಖೆ ಹುಟ್ಟಿದ್ದರ ಹಿಂದೆ ಜನರ ಮೇಲಿನ ಹಿಂಸೆಯನ್ನು ನಿಲ್ಲಿಸಬೇಕೆಂಬ ಒಂದು ಒತ್ತಾಯವೂ ಇತ್ತು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಇದನ್ನು ಹೇಳಬೇಕು. ಲಾಕಪ್ಪಿನ ಕೀಲಿ ಕೈಗೆ ಬರುವ ಮೊದಲೇ ಹೇಳಬೇಕು.

ಅದಕ್ಕೂ ಹಿಂದಿನ ಒಂದು ಘಟನೆ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯ ರೈತರು ಕಂಪನಿಯ ವಿರುದ್ಧ ಎದ್ದು ಮಂಗಳೂರಿನ ತನಕ ಬಂದರು. ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು ಎಂದು ನಾವೆಲ್ಲ ಕೇಳಿದ್ದೇವೆ. ಆ ದಿನಗಳಲ್ಲಿ ಪಟೇಲರು, ಉಗ್ರಾಣಿಗಳು, ಕಾವಲಿನವರು ಯಾರ ಕಡೆ ನಿಂತರು? ಹೋರಾಟದ ಕಥೆಯನ್ನು ನಾವು ಸಾಕಷ್ಟು ಬರೆದಿದ್ದೇವೆ. ಅದೇ ಕಥೆಯನ್ನು ಕಾವಲಿನವರ ಜಾಗದಲ್ಲಿ ನಿಂತು ಯಾರಾದರೂ ಬರೆಯಬೇಕಲ್ವಾ?

ಇನ್ನು ಖಾಕಿಯ ವಿಷಯ. ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದ ಆರಂಭದಲ್ಲಿ ಜಾನ್ ಹಾಲರ್ ಎಂಬ ಯುರೋಪಿನ ನೇಯ್ಗೆಯವರು ಖಾಕಿ ಬಣ್ಣ ಮಾಡಿದರು, ಕೆನರಾ ಜಿಲ್ಲೆಯ ಪೊಲೀಸರೇ ಅದನ್ನು ಮೊದಲು ಸಮವಸ್ತ್ರವಾಗಿ ತೊಟ್ಟರು, ಅಲ್ಲಿಂದ ಅದು ಸೇನೆಗೆ ಹೋಯಿತು ಎಂಬ ಮಾತು ಮಂಗಳೂರಿನಲ್ಲಿ ಹಿಂದಿನಿಂದಲೂ ಉಂಟು. ಮಿಷನ್‌ನ ಚರಿತ್ರೆ ಬರೆದವರೂ ಇದನ್ನು ಹೇಳುತ್ತಾರೆ. ಆದರೆ ಸೇನೆಯ ಚರಿತ್ರೆ ಬರೆದವರು ಬೇರೆ ಹೇಳುತ್ತಾರೆ. ಬ್ರಿಟಿಷ್ ಸೇನಾಧಿಕಾರಿ ಹ್ಯಾರಿ ಲಮ್ಸ್‌ಡೆನ್ 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ದಳದವರೇ ಮೊದಲು ಖಾಕಿ ತೊಟ್ಟವರು ಎಂಬುದು ಅವರ ಮಾತು. ಎರಡೂ ನಿಜವಾಗಿರಬಹುದು. ಅಲ್ಲಿ ಸೈನಿಕರು, ಇಲ್ಲಿ ಪೊಲೀಸರು. ಇದನ್ನು ದಾಖಲೆ ಇಟ್ಟುಕೊಂಡು ತೀರ್ಮಾನಿಸುವ ಆಸಕ್ತಿ ಯಾರಿಗೆ ಇರಬೇಕು? ದಿನಾ ಆ ಬಟ್ಟೆ ತೊಡುವ ಇಲಾಖೆಗೇ ಅಲ್ವಾ? ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಮಿಷನ್‌ನ ಹಳೇ ಕಾಗದಪತ್ರಗಳ ಸಂಗ್ರಹ ಉಂಟು. ನಿಮ್ಮ ಕಚೇರಿಯಿಂದ ಅದು ಹೆಚ್ಚು ದೂರವೂ ಇಲ್ಲ.

ಮುಂದೆ ಸುಮಾರು ನೂರು ವರ್ಷ ನಾವು ಮದ್ರಾಸಿನ ಕೆಳಗೇ ಇದ್ದೆವು. ಮಂಗಳೂರಿನಲ್ಲಿ ಕೂರುತ್ತಿದ್ದ ಜಿಲ್ಲಾ ಪೊಲೀಸ್ ಅಧಿಕಾರಿಗೆ ಕಾಸರಗೋಡೂ ಸೇರಿತ್ತು, ಉಡುಪಿ ಕುಂದಾಪುರವೂ ಸೇರಿತ್ತು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಮೂಲ್ಕಿಯ ಕಾರ್ನಾಡ್ ಸದಾಶಿವರಾಯರು ಆಸ್ತಿಯನ್ನೆಲ್ಲ ಊರಿಗೆ ಸುರಿದು ಜೈಲಿಗೆ ಹೋದರು. ಅಂಥವರನ್ನು ಹಿಡಿಯಲು ಹೋದ ಕಾನ್‌ಸ್ಟೆಬಲ್ ಕೂಡ ಇದೇ ಊರಿನವನು, ಇದೇ ಕಡಲಿನ ಮೀನು ತಿಂದು ಬೆಳೆದವನು. ಅವನಿಗೆ ಆಗ ಏನನಿಸಿತ್ತೋ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಮದ್ರಾಸಿನ ಪದ್ಧತಿಯಲ್ಲಿ ತರಬೇತಿ ಪಡೆದ ಪೊಲೀಸರು ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಆದೇಶಕ್ಕೆ ಒಳಪಟ್ಟರು. ಆಮೇಲೆ 1963ರ ಪೊಲೀಸ್ ಕಾಯ್ದೆ ಬಂತು. ಅದು ಜಾರಿಯಾದ ಏಪ್ರಿಲ್ 2ನ್ನೇ ನೀವು ಪ್ರತಿ ವರ್ಷ ಪೊಲೀಸ್ ಧ್ವಜ ದಿನ ಎಂದು ಆಚರಿಸುತ್ತೀರಿ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಹೀಗೆ ಗಡಿಗಳು ಬದಲಾದಾಗ ಫೈಲುಗಳು ಎಲ್ಲೆಲ್ಲಿಗೆ ಹೋದವು? ಕೆಲವು ಚೆನ್ನೈನ ಎಗ್ಮೋರಿನ ದಾಖಲೆ ಕಚೇರಿಯಲ್ಲಿ ಇರಬೇಕು, ಕೆಲವು ಕಾಸರಗೋಡಿನಲ್ಲಿ, ಕೆಲವು ಉಡುಪಿಯಲ್ಲಿ. ಹುಡುಕಿಕೊಂಡು ಹೋಗುವವರು ಬೇಕು.

ಈಗ ನಮ್ಮ ಸುರತ್ಕಲ್ ಕಡೆಗೆ ಬರುತ್ತೇನೆ. ಹೊರವಲಯದಿಂದ ಶುರು ಮಾಡಿ ಎಂದೆನಲ್ಲ, ಅದಕ್ಕೆ ಕಾರಣ ಇಲ್ಲಿ ಉಂಟು. ಮಂಗಳೂರು ಪೇಟೆ ಹಳೆಯದು. ಅಲ್ಲಿನ ಠಾಣೆಗಳ ಕೆಲಸ ನಿಧಾನವಾಗಿ ಬದಲಾಯಿತು. ನಮ್ಮ ಕಡೆ ಎಲ್ಲ ಒಂದೇ ತಲೆಮಾರಿನಲ್ಲಿ ಆಗಿಹೋಯಿತು. 1960ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು, ಈಗ ಅದು ಎನ್‌ಐಟಿಕೆ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಪಣಂಬೂರಿನ ಹೊಸ ಬಂದರನ್ನು ಉದ್ಘಾಟಿಸಿದರು. ಹತ್ತಿರದಲ್ಲೇ ಎಂಸಿಎಫ್ ಗೊಬ್ಬರದ ಕಾರ್ಖಾನೆ ಬಂತು. ಕುದುರೆಮುಖದ ಅದಿರು ಗುಡ್ಡದಿಂದ ಪೈಪಿನಲ್ಲಿ ಇಳಿದು ಪಣಂಬೂರಿಗೆ ಬರತೊಡಗಿತು. 1996ರಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆ ಶುರುವಾಯಿತು. ಬಂದರಿಗೆ, ಕಾರ್ಖಾನೆಗೆ ಜಾಗ ಬಿಟ್ಟುಕೊಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ನಿವೇಶನ ಕೊಟ್ಟರು. ಬೇರೆ ಬೇರೆ ಊರಿನ, ಬೇರೆ ಬೇರೆ ಜಾತಿ ಧರ್ಮದ ಜನ ಒಂದೇ ಸಲಕ್ಕೆ ಪಕ್ಕದ ಮನೆಯವರಾದರು.

ಠಾಣೆಗೆ ಇದರ ಅರ್ಥ ಏನು? ಗದ್ದೆಯ ಅಂಚಿನ ತಕರಾರು, ತೆಂಗಿನಕಾಯಿ ಕಳವು, ಕೋಳಿ ಅಂಕ, ಕಳ್ಳಬಟ್ಟಿ ನೋಡುತ್ತಿದ್ದ ಪೊಲೀಸರಿಗೆ ಲಾರಿಗಳ ಸಾಲು ಎದುರಾಯಿತು. ಹೆದ್ದಾರಿಯ ಅಪಘಾತ ಎದುರಾಯಿತು. ಭೂಸ್ವಾಧೀನದ ಪ್ರತಿಭಟನೆ, ಗುತ್ತಿಗೆ ಕಾರ್ಮಿಕರ ಮುಷ್ಕರ, ಗ್ಯಾಸ್ ಟ್ಯಾಂಕರ್ ಮಗುಚಿದಾಗ ಇಡೀ ಊರನ್ನು ಖಾಲಿ ಮಾಡಿಸುವ ಕೆಲಸ, ದೂರದ ರಾಜ್ಯಗಳಿಂದ ದುಡಿಯಲು ಬಂದವರ ವಿಳಾಸ ಪತ್ತೆ, ಎಲ್ಲವೂ ಬಂತು. ನನ್ನ ತಂದೆ ಸೈಕಲ್ಲಿನಲ್ಲಿ ರಾತ್ರಿ ಗಸ್ತು ಹೋಗುತ್ತಿದ್ದವರು. ಅಂಗಡಿ, ಬ್ಯಾಂಕುಗಳ ಹತ್ತಿರ ಇಟ್ಟ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕಿ ಬರುತ್ತಿದ್ದರು. ಈಗ ಅದೇ ಕೆಲಸ ಮೊಬೈಲಿನಲ್ಲಿ ಆಗುತ್ತದೆ, ಒಳ್ಳೆಯದೇ. ಆದರೆ ಆ ಹಳೇ ಪುಸ್ತಕಗಳನ್ನು ಯಾರಾದರೂ ಎತ್ತಿಟ್ಟಿದ್ದಾರಾ?

1998ರ ಡಿಸೆಂಬರಿನಲ್ಲಿ ಸುರತ್ಕಲ್‌ನಲ್ಲಿ ಗಲಭೆ ಆಯಿತು. ಜೀವಗಳು ಹೋದವು. ನಮ್ಮಲ್ಲಿ ಅದನ್ನು ಕಂಡವರು ಇನ್ನೂ ಆ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಆ ದಿನಗಳಲ್ಲಿ ಕೆಲಸದಲ್ಲಿದ್ದ ಪೊಲೀಸರು ಈಗ ನಿವೃತ್ತರು. ಮೊದಲ ಕಲ್ಲು ಬಿದ್ದ ಸುದ್ದಿ ಠಾಣೆಗೆ ಹೇಗೆ ಬಂತು, ಎಷ್ಟು ಜನ ಸಿಬ್ಬಂದಿ ಇದ್ದರು, ಹೆಚ್ಚುವರಿ ಪೊಲೀಸರು ಬರಲು ಎಷ್ಟು ಹೊತ್ತಾಯಿತು, ಎಲ್ಲಿ ತಡ ಮಾಡಿದೆವು, ಯಾವ ಬೀದಿಯಲ್ಲಿ ಊರವರೇ ನಿಂತು ತಡೆದರು? ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಇನ್ನೂ ಬದುಕಿದ್ದಾರೆ. ಅವರನ್ನು ಕೂರಿಸಿ, ಆರೋಪ ಹೊರಿಸದೆ, ಸಮಾಧಾನವಾಗಿ ಕೇಳಿದರೆ ಹೇಳುತ್ತಾರೆ. ಮುಂದೆ ಈ ಠಾಣೆಗೆ ಬರುವ ಇನ್‌ಸ್ಪೆಕ್ಟರಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೆಲ್ಲೂ ಸಿಗುವುದಿಲ್ಲ.

2010ರ ಜನವರಿಯಲ್ಲಿ ಮಂಗಳೂರಿಗೆ ಕಮಿಷನರೇಟ್ ಬಂತು. ಜನರಿಗೆ ಬೋರ್ಡ್ ಬದಲಾದದ್ದು ಕಂಡಿತು. ಒಳಗೆ ಆದ ಬದಲಾವಣೆ ದೊಡ್ಡದು. ಅಲ್ಲಿಯವರೆಗೆ ನಿಷೇಧಾಜ್ಞೆ ಹಾಕುವುದು, ಗಡೀಪಾರು ಮಾಡುವುದು ಜಿಲ್ಲಾಧಿಕಾರಿ, ಕಂದಾಯ ಇಲಾಖೆಯ ಸಹಾಯಕ ಆಯುಕ್ತರ ಕೈಯಲ್ಲಿತ್ತು. ಆಮೇಲೆ ಆ ಅಧಿಕಾರ ಪೊಲೀಸ್ ಆಯುಕ್ತರಿಗೇ ಬಂತು. ಹಳ್ಳಿಯಂತಿದ್ದ ಮೂಡುಬಿದಿರೆ, ಮೂಲ್ಕಿ ಕೂಡ ನಗರ ಪೊಲೀಸರ ವ್ಯಾಪ್ತಿಗೆ ಸೇರಿದವು. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಎಸ್ಪಿಯವರ ಕೆಳಗೇ ಉಳಿದವು. ಅಡ್ಯಾರಿನಲ್ಲಿ ಬಸ್ಸು ಹತ್ತಿದವರು ಫರಂಗಿಪೇಟೆ ತಲುಪುವಷ್ಟರಲ್ಲಿ ಒಂದು ಪೊಲೀಸ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗಿರುತ್ತಾರೆ. ಇದರಿಂದ ಕೆಲಸ ಸುಲಭವಾಯಿತಾ, ತೊಡಕಾಯಿತಾ? ಹದಿನೈದು ವರ್ಷ ಕಳೆದಿದೆ. ಲೆಕ್ಕ ಹಾಕಿ ನೋಡುವ ಸಮಯ ಬಂದಿದೆ.

ಆ ಹೊಸ ಕಮಿಷನರೇಟಿಗೆ ಇನ್ನೂ ಐದು ತಿಂಗಳು ತುಂಬಿರಲಿಲ್ಲ. ಮೇ 22ರ ಬೆಳಿಗ್ಗೆ ಆರು ದಾಟಿದ ಹೊತ್ತಿಗೆ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ಸತ್ತರು, 8 ಮಂದಿ ಬದುಕಿದರು. ಅದು ಬಜ್ಪೆ ಠಾಣೆಯ ವ್ಯಾಪ್ತಿ. ಇಕ್ಕಟ್ಟಿನ ರಸ್ತೆ, ಇಳಿಜಾರು, ಹೊಗೆ, ನೋಡಲು ಬಂದವರ ಗುಂಪು. ಊರಿನ ಹುಡುಗರು ಮೊದಲು ಓಡಿದರು. ಅವರ ಹಿಂದೆಯೇ ಪೊಲೀಸರು, ಅಗ್ನಿಶಾಮಕದವರು. ಆ ದಿನದ ಬಗ್ಗೆ ವಿಮಾನದ ತನಿಖೆಯ ವರದಿ ಉಂಟು. ರನ್‌ವೇ ಬಗ್ಗೆ, ಪೈಲಟ್ ಬಗ್ಗೆ ಪುಟಗಟ್ಟಲೆ ಉಂಟು. ಆದರೆ ಪೊಲೀಸರ ಕೆಲಸದ ಬಗ್ಗೆ ಎಲ್ಲಿ ಓದುವುದು?

ಸ್ವಲ್ಪ ಯೋಚಿಸಿ ನೋಡಿ. ಅಸಹಜ ಸಾವು ಎಂದರೆ ಪ್ರತಿಯೊಂದು ಶವಕ್ಕೂ ಮಹಜರು ಆಗಬೇಕು. ಪಂಚರು ಬೇಕು. ಮೈಮೇಲಿನ ಗುರುತು, ಉಂಗುರ, ಬಟ್ಟೆಯ ಚೂರು ಬರೆದುಕೊಳ್ಳಬೇಕು. ಒಂದು ಶವಕ್ಕೇ ಕೈ ನಡುಗುತ್ತದೆ. ಅಲ್ಲಿ 158. ಸುಟ್ಟುಹೋದ ಶವಗಳ ಎದುರು ನಿಂತು, ಅಳುತ್ತಿರುವ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಗುರುತು ಕೇಳಬೇಕು. ಒಂದೇ ಶವವನ್ನು ಎರಡು ಮನೆಯವರು ತಮ್ಮದೆಂದರೆ ಸಮಾಧಾನ ಹೇಳಬೇಕು. ಡಿಎನ್‌ಎ ಪರೀಕ್ಷೆಗೆ ಹೈದರಾಬಾದಿಗೆ ಮಾದರಿ ಕಳಿಸಿ, ಉತ್ತರ ಬರುವವರೆಗೆ ಕಾಯುವವರ ಮುಖ ನೋಡಬೇಕು. ಕೊನೆಗೂ ಗುರುತು ಸಿಗದವರನ್ನು ಮಣ್ಣು ಮಾಡಬೇಕು. ಇದನ್ನೆಲ್ಲ ಮಾಡಿದವರಲ್ಲಿ ಇಪ್ಪತ್ತೈದು ದಾಟದ ಕಾನ್‌ಸ್ಟೆಬಲ್‌ಗಳೂ ಇದ್ದಿರಬೇಕು. ಅವರು ಆ ರಾತ್ರಿ ಮನೆಗೆ ಹೋಗಿ ಊಟ ಮಾಡಿದರೋ ಇಲ್ಲವೋ ಎಂದು ಯಾರೂ ಕೇಳಿರಲಿಕ್ಕಿಲ್ಲ. ಈಗಲಾದರೂ ಕೇಳಿ ಬರೆದಿಡಿ ಸರ್. ಇನ್ನೊಂದು ದುರಂತ ಎಂದೂ ಆಗದಿರಲಿ. ಆದರೆ ಶವ ಗುರುತಿಸುವುದು, ಗುಂಪು ತಡೆಯುವುದು, ಆಂಬುಲೆನ್ಸಿಗೆ ದಾರಿ ಬಿಡಿಸುವುದು ಹೇಗೆ ಎಂದು ಅವರು ಕಲಿತದ್ದು ಅವರ ಜೊತೆಗೇ ಕಳೆದುಹೋಗಬಾರದು.

ಹೆಮ್ಮೆಯ ದಿನಗಳನ್ನು ಮಾತ್ರ ಬರೆದರೆ ಊರವರು ಆ ಪುಸ್ತಕವನ್ನು ನಂಬುವುದಿಲ್ಲ. 2006ರ ಅಕ್ಟೋಬರಿನ ಗಲಭೆ ಬರಬೇಕು. 2009ರ ಪಬ್ ದಾಳಿ, 2012ರ ಪಡೀಲ್ ಹೋಂಸ್ಟೇ ದಾಳಿ ಬರಬೇಕು. ಆ ಎರಡು ದಿನಗಳಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರೋಧದ ಪ್ರತಿಭಟನೆಯ ಹೊತ್ತಿನಲ್ಲಿ ಪೊಲೀಸರ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಅದೂ ಬರಬೇಕು. ಪೊಲೀಸರ ಹೇಳಿಕೆ ಇರಲಿ, ಸತ್ತವರ ಮನೆಯವರ ಮಾತೂ ಇರಲಿ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಕುಡುಪಿನಲ್ಲಿ, ಬಜ್ಪೆಯಲ್ಲಿ ಬಿದ್ದ ಹೆಣಗಳನ್ನು ನಾವ್ಯಾರೂ ಮರೆತಿಲ್ಲ. ಪೊಲೀಸರ ಮಗಳಾಗಿ ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ. ಆದರೂ ಬರೆಯುತ್ತೇನೆ. ಇಲಾಖೆಯನ್ನು ಪ್ರೀತಿಸುವವರೇ ಇದನ್ನು ಕೇಳಬೇಕು.

ಇವುಗಳ ನಡುವೆ ಪತ್ರಿಕೆಗೆ ಬಾರದ ದಿನಗಳೇ ಜಾಸ್ತಿ. ಅವು ಕಾನ್‌ಸ್ಟೆಬಲ್‌ಗಳ ದಿನಗಳು. ನಮ್ಮ ಠಾಣೆಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಬಂದ ಎಷ್ಟು ಮಂದಿ ಇದ್ದಾರೆ! ಜೋಳದ ರೊಟ್ಟಿ ತಿಂದು ಬೆಳೆದವರು ಇಲ್ಲಿಯ ಕುಚ್ಚಲಕ್ಕಿ ಗಂಜಿಗೆ, ಜೂನ್ ತಿಂಗಳ ಜಡಿಮಳೆಗೆ ಒಗ್ಗಿಕೊಳ್ಳುತ್ತಾರೆ. ಮೊದಲು ಅವರಿಗೆ ಭಾಷೆಯೇ ಕಷ್ಟ. ದೂರು ಕೊಡಲು ಬಂದ ಅಜ್ಜಿ ತುಳುವಿನಲ್ಲಿ ಅಳುತ್ತಾರೆ. ಉಳ್ಳಾಲದವರು ಬ್ಯಾರಿಯಲ್ಲಿ ಹೇಳುತ್ತಾರೆ. ಇನ್ನೊಬ್ಬರು ಕೊಂಕಣಿಯಲ್ಲಿ. ಬರೆಯಬೇಕಾದ್ದು ಕನ್ನಡದಲ್ಲಿ. ಆಗ ಪಕ್ಕದಲ್ಲಿ ಕೂತು ಹೇಳಿಕೊಡುವವರು ಯಾರೋ ಒಬ್ಬ ಹಳೇ ದಫೇದಾರರು. ಒಂದೆರಡು ವರ್ಷದಲ್ಲಿ ಬಾಗಲಕೋಟೆಯ ಹುಡುಗ ‘ದಾನೆ ಆಂಡ್?’ (ಏನಾಯಿತು?) ಎಂದು ತುಳುವಿನಲ್ಲಿ ಕೇಳುವಷ್ಟು ಕಲಿಯುತ್ತಾನೆ. ಅಷ್ಟು ಕೇಳಿದರೆ ಸಾಕು, ಬಂದವರ ಅರ್ಧ ಭಯ ಹೋಗುತ್ತದೆ. ಇಂಥವರನ್ನು ಚರಿತ್ರೆಯ ಮೊದಲ ಪುಟದಲ್ಲಿ ಇಡಬೇಕು.

ಊರವರು ಠಾಣೆಗೆ ಬರುವ ರೀತಿಯೂ ನಮ್ಮಲ್ಲಿ ಬೇರೆಯೇ. ಚಿನ್ನ ಕಳೆದರೆ ಮೊದಲು ಕುತ್ತಾರಿನ ಕೊರಗಜ್ಜ ದೈವಕ್ಕೆ ಹರಕೆ, ಆಮೇಲೆ ದೂರು. ಜಾಗದ ತಕರಾರಿಗೆ ದೈವದ ನಡೆಯಲ್ಲಿ ಮಾತುಕತೆ ಆಗಿ, ಅಲ್ಲಿಯೂ ಮುಗಿಯದಿದ್ದರೆ ಠಾಣೆ. ಅನುಭವಿ ಪೊಲೀಸರಿಗೆ ಇದು ಗೊತ್ತು, ಅವರು ಇದನ್ನು ಹಗುರವಾಗಿ ಕಾಣುವುದಿಲ್ಲ. ಕಂಬಳದ ಬಂದೋಬಸ್ತ್, ರಾತ್ರಿಯ ಯಕ್ಷಗಾನ, ಉಳ್ಳಾಲದ ಉರೂಸ್, ಸೆಪ್ಟೆಂಬರಿನ ಮೊಂತಿ ಹಬ್ಬ, ಗಣೇಶ ಚೌತಿಯ ಮೆರವಣಿಗೆ, ಇವುಗಳನ್ನು ಹೇಗೆ ನಡೆಸಿಕೊಂಡು ಹೋಗುವುದು ಎಂಬುದಕ್ಕೆ ತರಬೇತಿ ಶಾಲೆಯ ಪುಸ್ತಕ ಸಾಲುವುದಿಲ್ಲ.

ಈಗ ಮುಖ್ಯ ವಿಷಯ. ಏನು ಮಾಡಬಹುದು?

ಮೊದಲನೆಯದಾಗಿ, ದಯವಿಟ್ಟು ಹಳೇ ರಿಜಿಸ್ಟರುಗಳನ್ನು ಸುಮ್ನೆ ನಾಶ ಮಾಡಬೇಡಿ. ಅವಧಿ ಮುಗಿದ ದಾಖಲೆಗಳನ್ನು ವಿಲೇವಾರಿ ಮಾಡಲು ನಿಯಮ ಉಂಟು, ಒಪ್ಪುತ್ತೇನೆ. ಜಾಗ ಇಲ್ಲ, ಗೆದ್ದಲು, ನಮ್ಮ ಕರಾವಳಿಯ ತೇವ ಬೇರೆ. ಆದರೆ ವಿಲೇವಾರಿಗೆ ಮೊದಲು ಚರಿತ್ರೆ ಗೊತ್ತಿರುವ ಒಬ್ಬರು ಒಮ್ಮೆ ಕಣ್ಣಾಡಿಸಲಿ. ಠಾಣೆಯ ಕ್ರೈಮ್ ಹಿಸ್ಟರಿ ಪುಸ್ತಕಗಳು, ಹಳೇ ಜನರಲ್ ಡೈರಿಗಳು, ಗ್ರಾಮಗಳ ವಿವರ ಬರೆದ ಪುಟಗಳು, ಮದ್ರಾಸ್ ಕಾಲದ ಇಂಗ್ಲಿಷ್ ಟಿಪ್ಪಣಿಗಳು ಸಿಕ್ಕರೆ ಸ್ಕ್ಯಾನ್ ಮಾಡಿಸಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 1862ರಿಂದ ಜಾರಿಯಲ್ಲಿದ್ದ ಕಾನೂನಿನ ಕೆಳಗೆ ಬರೆದ ಪುಸ್ತಕಗಳಿಗೆ ಇನ್ನು ಕಚೇರಿ ಕೆಲಸದಲ್ಲಿ ಬೆಲೆ ಕಡಿಮೆ. ಅಂಥ ಹೊತ್ತಿನಲ್ಲೇ ಹಳೇ ಕಾಗದ ರದ್ದಿಗೆ ಹೋಗುವುದು.

ಎರಡನೆಯದು ನಿವೃತ್ತರ ಮಾತು. ಎಂಬತ್ತು ದಾಟಿದವರಿಂದ ಶುರು ಮಾಡಿ, ಅವರ ಮನೆಗೇ ಹೋಗಿ, ಅವರದೇ ಭಾಷೆಯಲ್ಲಿ ಧ್ವನಿಮುದ್ರಣ ಮಾಡಿಸಿ. ಕೊಣಾಜೆ ಠಾಣೆಯ ವ್ಯಾಪ್ತಿಯಲ್ಲೇ ಮಂಗಳೂರು ವಿಶ್ವವಿದ್ಯಾಲಯ ಉಂಟು. ಅಲ್ಲಿನ ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಸಿಗಲಿಕ್ಕಿಲ್ಲ. ಪೊಲೀಸರ ಹೆಂಡತಿಯರನ್ನೂ ಕೇಳಲಿ. ಕ್ವಾರ್ಟರ್ಸಿನ ಬದುಕು, ಹಬ್ಬದ ದಿನವೂ ಮನೆಗೆ ಬಾರದ ಗಂಡ, ಮೂರು ವರ್ಷಕ್ಕೊಮ್ಮೆ ಬದಲಾಗುವ ಮಕ್ಕಳ ಶಾಲೆ, ಇದನ್ನು ಅಮ್ಮಂದಿರು ಹೇಳಿದಷ್ಟು ಚೆನ್ನಾಗಿ ಯಾರೂ ಹೇಳಲಾರರು. ಮೊದಲ ತಲೆಮಾರಿನ ಮಹಿಳಾ ಪೊಲೀಸರನ್ನು ತಪ್ಪದೆ ಮಾತಾಡಿಸಿ. ಹೆಂಗಸರಿಗೆ ಬೇರೆ ಶೌಚಾಲಯವೇ ಇಲ್ಲದ ಠಾಣೆಗಳಲ್ಲಿ ಅವರು ಹಗಲು ರಾತ್ರಿ ಕೆಲಸ ಮಾಡಿದ್ದಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೊಂದವರ ಹೆಸರು, ಅತ್ಯಾಚಾರದ, ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳ ವಿವರ, ಮಾಹಿತಿ ಕೊಟ್ಟವರ ಗುರುತು ಹೊರಗೆ ಬರಬಾರದು. ನ್ಯಾಯಾಲಯದಲ್ಲಿ ಇನ್ನೂ ನಡೆಯುತ್ತಿರುವ ಪ್ರಕರಣಗಳನ್ನು ಮುಟ್ಟುವುದು ಬೇಡ. ಶಿಕ್ಷೆ ಮುಗಿಸಿ ಬಂದು ಸುಮ್ಮನೆ ದುಡಿದು ತಿನ್ನುತ್ತಿರುವವರ ಹೆಸರನ್ನು ಮತ್ತೆ ಕೆದಕುವುದೂ ಬೇಡ.

ಒಂದು ಕೋಣೆಯೂ ಬೇಕು. ಕೊಲ್ಲಂನಲ್ಲಿ ಕೇರಳ ಪೊಲೀಸರ ಮ್ಯೂಸಿಯಂ ಉಂಟು. ಕೋಲ್ಕತ್ತದಲ್ಲಿ ರಾಜಾ ರಾಮಮೋಹನ ರಾಯರ ಮನೆಯಲ್ಲೇ ಪೊಲೀಸ್ ಮ್ಯೂಸಿಯಂ ಮಾಡಿದ್ದಾರೆ. ಅಮೆರಿಕದ ಸಣ್ಣ ಸಣ್ಣ ಉಪನಗರಗಳ ಪೊಲೀಸರು ಕೂಡ ತಮ್ಮ ಮೊದಲ ಅಧಿಕಾರಿ ಯಾರು, ಮೊದಲ ಗಾಡಿ ಯಾವಾಗ ಬಂತು, ಕೆಲಸದಲ್ಲಿ ಸತ್ತವರು ಯಾರು ಎಂದು ಬರೆದಿಟ್ಟುಕೊಂಡಿದ್ದಾರೆ. ನಮಗೆ ದೊಡ್ಡ ಕಟ್ಟಡ ಬೇಡ. ಹೊಸ ಕಟ್ಟಡಕ್ಕೆ ಹೋದ ಯಾವುದಾದರೂ ಠಾಣೆಯ ಹಳೇ ಹೆಂಚಿನ ಮನೆ ಉಳಿದಿದ್ದರೆ ಅದೇ ಸಾಕು. 2025ರ ಅಕ್ಟೋಬರಿನಲ್ಲಿ ಕಾನ್‌ಸ್ಟೆಬಲ್‌ಗಳಿಗೆ ಹೊಸ ನೀಲಿ ಪೀಕ್ ಕ್ಯಾಪ್ ಬಂತು. ಒಂದು ಬದಿ ಮಡಚಿದ ಆ ಹಳೇ ಸ್ಲೌಚ್ ಹ್ಯಾಟನ್ನು ಒಂದಾದರೂ ಎತ್ತಿಡಿ. ಬಿಸಿಲಿಗೂ ತಡೆಯದ, ಮಳೆಗೂ ತಡೆಯದ, ಓಡುವಾಗ ತಲೆಯಲ್ಲಿ ನಿಲ್ಲದ ಆ ಟೊಪ್ಪಿಯನ್ನು ನನ್ನ ತಂದೆ ಅಷ್ಟು ಜೋಪಾನ ಮಾಡುತ್ತಿದ್ದರು. ವೈರ್‌ಲೆಸ್ ಸೆಟ್ಟು, ಲಾಠಿ, ಬಿದಿರಿನ ಗುರಾಣಿ, ಪಿತ್ತಳೆಯ ನಂಬರ್ ಬಿಲ್ಲೆ ಇವೆಲ್ಲ ಎಷ್ಟೋ ಮನೆಗಳ ಅಟ್ಟದಲ್ಲಿ ಇರಬಹುದು.

ಇದಕ್ಕೆ ದೊಡ್ಡ ಸಮಿತಿ ಬೇಡ ಸರ್. ಓದು ಬರಹದಲ್ಲಿ ಆಸಕ್ತಿ ಇರುವ ಒಬ್ಬ ಎಸ್‌ಐ, ಒಬ್ಬ ಹಳೇ ರೈಟರ್, ವಿಶ್ವವಿದ್ಯಾಲಯದ ಒಬ್ಬ ಅಧ್ಯಾಪಕರು, ಊರಿನ ಹಿರಿಯ ಪತ್ರಕರ್ತರು ಒಬ್ಬರು, ಇಷ್ಟು ಜನ ಸಾಕು. ನಿಮಗೆ ವರ್ಗವಾದರೂ ಕೆಲಸ ನಿಲ್ಲದ ಹಾಗೆ ಒಂದು ಲಿಖಿತ ಆದೇಶ ಮಾಡಿ. ಅಕ್ಟೋಬರ್ 21ರಂದು ಹುತಾತ್ಮರ ದಿನಾಚರಣೆಯಲ್ಲಿ ಸತ್ತವರ ಹೆಸರು ಓದುತ್ತೀರಲ್ಲ, ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯವರು ಎಷ್ಟು ಮಂದಿ ಎಂದು ಹಿಂದಕ್ಕೆ ಹೋಗಿ ಹುಡುಕಿಸಿ. ಉಡುಪಿಯ ಎಸ್ಪಿಯವರನ್ನೂ, ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರನ್ನೂ ಜೊತೆಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. 1997ರ ತನಕ ಎಲ್ಲ ಒಂದೇ ಜಿಲ್ಲೆ ತಾನೇ.

ಬರುವ ಏಪ್ರಿಲ್ 2ರ ಧ್ವಜ ದಿನದಂದು ನೀವು ಇದನ್ನು ಘೋಷಿಸಿದರೆ ಮಳೆಗಾಲಕ್ಕೆ ಮೊದಲು ಎರಡು ತಿಂಗಳು ಸಿಗುತ್ತದೆ. ಹಳೇ ಕಾಗದ ಬಿಚ್ಚಿ ಒಣಗಿಸಿ ಸ್ಕ್ಯಾನ್ ಮಾಡಲು ಅದೇ ಸರಿಯಾದ ಸಮಯ. ನನ್ನ ತಂದೆಯ ಟಿಪ್ಪಣಿ ಪುಸ್ತಕಗಳು, ತರಬೇತಿಯ ಗುಂಪು ಫೋಟೋ, ಬೆಲ್ಟಿನ ಬಕಲ್ ನಮ್ಮ ಮನೆಯಲ್ಲಿವೆ. ಯಾರ ಕೈಗೆ ಕೊಡಬೇಕು ಎಂದು ಒಂದು ಹೆಸರು, ಒಂದು ಕಚೇರಿಯ ವಿಳಾಸ ತಿಳಿಸಿ. ನಾನು ತಂದು ಕೊಡುತ್ತೇನೆ, ಪರಿಚಯದ ಪೊಲೀಸ್ ಮನೆಗಳವರಿಗೂ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸುರತ್ಕಲ್‌ನ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಅವರ ಮಗಳು